ಮಂಗಳೂರು–ಬೆಂಗಳೂರು: ಮೈಲಿಗಳ ಲೆಕ್ಕ, ಗಂಟೆಗಳ ಲೆಕ್ಕ



ಭೂಪಟದಲ್ಲಿ ಅಳೆದರೆ ಮಂಗಳೂರಿಗೂ ಬೆಂಗಳೂರಿಗೂ ನೇರ ದೂರ ಸುಮಾರು 300 ಕಿಲೋಮೀಟರು. ಹಾಸನದ ಮೂಲಕ ಹೋಗುವ ರಸ್ತೆಯಲ್ಲಿ ಸುಮಾರು 350. ವ್ಯತ್ಯಾಸ ಐವತ್ತೇ ಕಿಲೋಮೀಟರು. ಆದರೂ ವಿಮಾನಕ್ಕೆ ಸುಮಾರು ಒಂದು ಗಂಟೆ ಸಾಕು, ಬಸ್ಸಿಗೆ ಏಳೆಂಟು ಗಂಟೆ ಬೇಕು. ಇದಕ್ಕೆ ಕಾರಣ ಯಂತ್ರಗಳ ವೇಗವೊಂದೇ ಅಲ್ಲ. ಘಟ್ಟವೂ ಇತಿಹಾಸವೂ ಇದರಲ್ಲಿ ಪಾಲುದಾರರು.

1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡವು ಮದರಾಸಿನ ಆಡಳಿತಕ್ಕೆ ಒಳಪಟ್ಟಿತ್ತು. ಆದುದರಿಂದ ರೈಲು ಮೊದಲು ಬಂದದ್ದು ಆ ದಿಕ್ಕಿನಿಂದಲೇ. 1907ರಲ್ಲಿ ಮಲಬಾರಿನ ಕರಾವಳಿಯಗುಂಟ ಹಳಿ ಮಂಗಳೂರನ್ನು ಮುಟ್ಟಿತು. ಹತ್ತಿರದ ಬೆಂಗಳೂರಿನ ಕಡೆಗೆ ಹಾಸನದ ಮೂಲಕ ನೇರ ರೈಲುಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಅಷ್ಟರೊಳಗೆ ವಿಮಾನವೇ ಬಂದಾಗಿತ್ತು: 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದು ಬಜ್ಪೆ ನಿಲ್ದಾಣ ಆರಂಭವಾಯಿತು. ರಾಜಧಾನಿಯ ನೇರ ರೈಲಿಗಿಂತ 28 ವರ್ಷ ಮೊದಲೇ ನಮ್ಮೂರಿಗೆ ವಿಮಾನ ಬಂದಿತ್ತೆಂಬುದು ಇಂದಿನ ಮಕ್ಕಳಿಗೆ ವಿಚಿತ್ರವೆನಿಸೀತು.

ಸುಮಾರು 900 ಮೀಟರ್ ಎತ್ತರದ ಸಕಲೇಶಪುರದಿಂದ ಘಟ್ಟದ ಬುಡಕ್ಕೆ ಇಳಿಯುವ ಆ ಹಳಿಗೆ 57 ಸುರಂಗಗಳನ್ನು ಕೊರೆಯಬೇಕಾಯಿತು. 1996ರಲ್ಲಿ ಬ್ರಾಡ್‌ಗೇಜ್ ಪರಿವರ್ತನೆಗಾಗಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಣ ವರ್ಷಗಳಲ್ಲಿ ನಮ್ಮಂಥವರಿಗೆ ರಾತ್ರಿಬಸ್ಸೇ ಗತಿ. ಮೌಲ್ಯಮಾಪನಕ್ಕೆಂದು ಹೋಗುವಾಗ ಶಿರಾಡಿಯ ತಿರುವುಗಳಲ್ಲಿ ನಿದ್ದೆಯಿಲ್ಲದೆ ಕುಳಿತ ರಾತ್ರಿಗಳನ್ನು ಲೆಕ್ಕವಿಟ್ಟವನಲ್ಲ.

ಇನ್ನು ವಿಮಾನದ ಒಂದು ಗಂಟೆಯ ಮಾತು. 2008ರ ಮೇ ತಿಂಗಳಿನಲ್ಲಿ ಬೆಂಗಳೂರಿನ ವಿಮಾನಗಳು ಎಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೆ ಸ್ಥಳಾಂತರಗೊಂಡವು. ಆಕಾಶದ ದಾರಿ ಹಾಗೆಯೇ ಉಳಿಯಿತು, ನೆಲದ ದಾರಿ ಬೆಳೆಯಿತು. ನಗರದ ನಡುವಿನಿಂದ ಅಲ್ಲಿಗೆ ಸುಮಾರು 35 ಕಿಲೋಮೀಟರು. ಮನೆಯಿಂದ ಹೊರಟು, ತಪಾಸಣೆ ಮುಗಿಸಿ, ಹಾರಿ, ಬಜ್ಪೆಯಿಂದ ಊರು ಸೇರುವಾಗ ನಾಲ್ಕೈದು ಗಂಟೆ ಕಳೆದಿರುತ್ತದೆ. ಒಣ ದಿನಗಳಲ್ಲಿ ಬಸ್ಸಿಗಿಂತ ಉಳಿಯುವುದು ಮೂರು ಗಂಟೆಯಷ್ಟೇ.

ಮಳೆಗಾಲದಲ್ಲಿ ಲೆಕ್ಕವೇ ಬೇರೆ. 2018ರಲ್ಲಿ ಕಾಂಕ್ರೀಟು ಕಾಮಗಾರಿಗಾಗಿ ತಿಂಗಳುಗಟ್ಟಲೆ ಮುಚ್ಚಿದ್ದ ಶಿರಾಡಿ ರಸ್ತೆ ಜುಲೈಯಲ್ಲಿ ತೆರೆಯಿತು. ಆಗಸ್ಟಿನಲ್ಲಿ ಗುಡ್ಡ ಕುಸಿದು ಮತ್ತೆ ಮುಚ್ಚಿತು. ಮಡಿಕೇರಿಯ ಕಡೆಯ ಸಂಪಾಜೆ ಘಟ್ಟವೂ ಕುಸಿಯಿತು. ರೈಲೂ ನಿಂತಿತು. 2024ರ ಜುಲೈಯಲ್ಲಿ ಎಡಕುಮೇರಿಯ ಬಳಿ ಹಳಿಯಡಿಯ ಮಣ್ಣು ಜಾರಿ ಮತ್ತೊಮ್ಮೆ ರೈಲು ಸ್ಥಗಿತವಾಯಿತು. ಅಂಥ ದಿನಗಳಲ್ಲಿ ಊರಿನಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಿದ್ದಾರೆಂಬ ಕರೆ ಬಂದರೆ, ಟಿಕೇಟಿಗೆ ಹಣವುಳ್ಳ ಮಗ ಸಂಜೆಯೊಳಗೆ ತಲಪುತ್ತಾನೆ. ಇಲ್ಲದವನು ಸುತ್ತುದಾರಿಯ ಬಸ್ಸು ಹುಡುಕುತ್ತಾನೆ. ಇಬ್ಬರಿಗೂ ಊರು ಅಷ್ಟೇ ಕಿಲೋಮೀಟರು ದೂರದಲ್ಲಿದೆ.

ಘಟ್ಟದ ರಸ್ತೆಯನ್ನೂ ಹಳಿಯನ್ನೂ ಮಳೆಗೆ ಅಂಜದಂತೆ ಕಾಪಾಡುವ ಕೆಲಸ ವಿಮಾನ ನಿಲ್ದಾಣ ಬೆಳೆಸುವುದಕ್ಕಿಂತ ಕಡಿಮೆಯದಲ್ಲವೆಂದು ನಾನು ಹೇಳುವುದು ಈ ಕಾರಣಕ್ಕೆ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಎಂಜಿನಿಯರುಗಳಾಗಿದ್ದೀರಿ. ಈ ಮಾತು ವಿಶೇಷವಾಗಿ ನಿಮಗೆ.