ಏಳಡಿ ಅಗಲದ ಮನೆ, ದಡಕ್ಕಿಳಿದ ಬೆಕ್ಕು

ಇಂಗ್ಲೆಂಡಿನ ನ್ಯಾರೋಬೋಟ್ ಸುಮಾರು 7 ಅಡಿ ಅಗಲದ, ಹೆಚ್ಚೆಂದರೆ 72 ಅಡಿ ಉದ್ದದ ದೋಣಿ. ಈ ಅಳತೆ ದೋಣಿ ಕಟ್ಟುವವರದಲ್ಲ, ಕಾಲುವೆ ತೋಡಿದವರದು. 1761ರಲ್ಲಿ ವರ್ಸ್ಲಿಯ ಗಣಿಗಳಿಂದ ಮ್ಯಾಂಚೆಸ್ಟರ್ ಕಡೆಗೆ ಕಲ್ಲಿದ್ದಲು ಸಾಗಿಸಲು ಬ್ರಿಡ್ಜ್‌ವಾಟರ್ ಕಾಲುವೆ ತೆರೆಯಿತು. ಪಟ್ಟಣದಲ್ಲಿ ಕಲ್ಲಿದ್ದಲಿನ ಬೆಲೆ ಸುಮಾರು ಅರ್ಧಕ್ಕೆ ಇಳಿಯಿತು. ಅದರ ಎಂಜಿನಿಯರ್ ಜೇಮ್ಸ್ ಬ್ರಿಂಡ್ಲಿ ಆಮೇಲೆ ಟ್ರೆಂಟ್ ಮತ್ತು ಮರ್ಸಿ ಕಾಲುವೆಯ ಕೆಲಸ ಹಿಡಿದಾಗ ಹೇರ್‌ಕಾಸಲ್ ಗುಡ್ಡ ಅಡ್ಡ ಬಂತು. ಎರಡೂವರೆ ಕಿಲೋಮೀಟರಿಗೂ ಉದ್ದದ ಸುರಂಗವನ್ನು ಅಗಲವಾಗಿ ಕೊರೆಯುವ ಖರ್ಚು ಭರಿಸಲಾಗದ್ದು. ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಬಾಗಿಲುಳ್ಳ ತೊಟ್ಟಿಗಳಾದ ಲಾಕ್‌ಗಳು ದೊಡ್ಡದಾದರೆ ಅವನ್ನು ತುಂಬಲು ನೀರೂ ಹೆಚ್ಚು ಬೇಕು. ಹಾಗಾಗಿ ಲಾಕ್‌ಗಳ ಅಗಲ 7 ಅಡಿಗೆ ನಿಂತಿತು. 1777ರಲ್ಲಿ ಈ ಕಾಲುವೆ ಮುಗಿಯುವ ಹೊತ್ತಿಗೆ ಬ್ರಿಂಡ್ಲಿ ಬದುಕಿರಲಿಲ್ಲ. ಆದರೆ ಮಧ್ಯ ಇಂಗ್ಲೆಂಡಿನ ಹೆಚ್ಚಿನ ದೋಣಿಗಳು ಇಂದಿಗೂ ಆ ಅಳತೆಗೇ ಕಟ್ಟುಬಿದ್ದಿವೆ.

ದಡದ ಕಾಲುದಾರಿಯಲ್ಲಿ ನಡೆಯುವ ಒಂದು ಕುದುರೆ ಇಪ್ಪತ್ತೈದು ಟನ್ನಿನಷ್ಟು ಸರಕನ್ನು ಎಳೆಯುತ್ತಿತ್ತು. ಕಾಲುದಾರಿ ಇಲ್ಲದ ಸುರಂಗಗಳಲ್ಲಿ ಆಳುಗಳು ದೋಣಿಯ ಮೇಲೆ ಅಂಗಾತ ಮಲಗಿ, ಗೋಡೆಗೆ ಕಾಲು ಒತ್ತಿ ಒತ್ತಿ ದೋಣಿಯನ್ನು ಮುಂದೆ ತಳ್ಳುತ್ತಿದ್ದರು. ಆರಂಭದಲ್ಲಿ ದೋಣಿಯವರಲ್ಲಿ ಹೆಚ್ಚಿನವರ ಸಂಸಾರ ದಡದ ಮೇಲಿನ ಮನೆಯಲ್ಲೇ ಇರುತ್ತಿತ್ತು. 1840ರ ದಶಕದಿಂದ ರೈಲು ಸರಕನ್ನು ಕಿತ್ತುಕೊಳ್ಳತೊಡಗಿದಾಗ ಸಾಗಣೆಯ ದರ ಕುಸಿಯಿತು. ಆಳಿಗೆ ಕೂಲಿ, ಮನೆಗೆ ಬಾಡಿಗೆ ಎರಡನ್ನೂ ಕೊಡುವ ಶಕ್ತಿ ಉಳಿಯದೆ ಅನೇಕರು ಹೆಂಡತಿ ಮಕ್ಕಳನ್ನು ದೋಣಿಗೇ ಕರೆತಂದರು.

ಸಂಸಾರವೆಲ್ಲ ಸೇರಿಕೊಂಡ ದೋಣಿಯ ಹಿಂಬದಿಯ ಕೋಣೆ ಸುಮಾರು 10 ಅಡಿ ಉದ್ದ, 7 ಅಡಿಗಿಂತ ಕಡಿಮೆ ಅಗಲ. ಬಾಗಿಲ ಬಳಿ ಒಲೆ. ಕಪಾಟಿನ ಬಾಗಿಲು ಕೆಳಗೆ ಮಡಚಿದರೆ ಮೇಜು, ಇನ್ನೊಂದನ್ನು ಮಡಚಿದರೆ ರಾತ್ರಿಯ ಹಾಸಿಗೆ. ಅಡುಗೆ, ಬಾಣಂತನ, ಕಾಯಿಲೆ, ಸಾವು ಎಲ್ಲವೂ ಅಷ್ಟರಲ್ಲೇ. ಆ ಇಕ್ಕಟ್ಟಿನ ಗೋಡೆಗಳ ಮೇಲೆ, ನೀರಿನ ಕೊಡದ ಮೇಲೆ ದೋಣಿಯವರು ಗುಲಾಬಿ ಹೂಗಳನ್ನೂ ಕೋಟೆಗಳನ್ನೂ ಬರೆಸಿದರು. ಕಡುಬಡತನದ ನಡುವೆ ಅರಳಿದ ಈ ಬಣ್ಣಗಾರಿಕೆ ಇಂಗ್ಲೆಂಡಿನ ಜನಪದ ಕಲೆಗಳಲ್ಲಿ ಎತ್ತರದ ಸ್ಥಾನಕ್ಕೆ ಯೋಗ್ಯವಾದದ್ದು.

ನಿಂತಲ್ಲಿ ನಿಲ್ಲದ ಮನೆಯೊಂದಿಗೆ ಹೇಗೆ ವ್ಯವಹರಿಸಬೇಕೆಂದು ಸರ್ಕಾರಕ್ಕೆ ಬಹುಕಾಲ ತಿಳಿಯಲಿಲ್ಲ. ಕೋಲ್‌ವಿಲ್‌ನ ಜಾರ್ಜ್ ಸ್ಮಿತ್ ಎಂಬ ಸುಧಾರಕ ದೋಣಿ ಮಕ್ಕಳ ಅನಕ್ಷರತೆ ಮತ್ತು ಕೋಣೆಗಳ ಕೊಳಕಿನ ವಿರುದ್ಧ ಹೋರಾಡಿದ ಫಲವಾಗಿ 1877ರಲ್ಲಿ ಕಾಲುವೆ ದೋಣಿಗಳ ಕಾಯಿದೆ ಬಂತು, 1884ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ವಾಸದ ದೋಣಿ ಯಾವುದಾದರೊಂದು ಊರಿನಲ್ಲಿ ನೋಂದಣಿಯಾಗಬೇಕು, ಆ ಊರಿನ ಹೆಸರೂ ಸಂಖ್ಯೆಯೂ ದೋಣಿಯ ಮೇಲೆ ಕಾಣಬೇಕು, ಕೋಣೆಯಲ್ಲಿ ಇಷ್ಟೇ ಜನ ಮಲಗಬೇಕು ಎಂದು ನಿಯಮವಾಯಿತು. ನೋಂದಾಯಿಸಿದ ಊರೇ ಶಾಲೆಯ ಲೆಕ್ಕಕ್ಕೆ ಮಕ್ಕಳ ಊರೂ ಆಯಿತು. ಆದರೆ ದೋಣಿ ಆ ಊರಿನಲ್ಲಿ ನಿಲ್ಲುತ್ತಿದ್ದುದೇ ಅಪರೂಪ. ಅನೇಕ ಮಕ್ಕಳು ಓದು ಕಲಿಯದೆಯೇ ಬೆಳೆದರು.

ದೋಣಿಯಲ್ಲಿ ಮನುಷ್ಯರ ಜೊತೆ ಬೆಕ್ಕಿಗೂ ಜಾಗವಿತ್ತು. ಧಾನ್ಯ, ಹಿಟ್ಟು ಸಾಗಿಸುವ ದೋಣಿಗೆ ಇಲಿಯ ಕಾಟ ತಪ್ಪಿದ್ದಲ್ಲ. ಅಂಥಲ್ಲಿ ಬೆಕ್ಕು ದುಡಿಯುವ ಪ್ರಾಣಿ. ದೋಣಿಯವರ ಗಳಿಕೆ ಸಾಗಿಸಿದ ಸರಕಿನ ಲೆಕ್ಕದಲ್ಲಿತ್ತು, ಹಿಂದೆ ಬಂದ ದೋಣಿ ಮುಂದಿನ ಲಾಕ್‌ಗಾಗಿ ಪೈಪೋಟಿಗೆ ನಿಂತಿರುತ್ತಿತ್ತು. ಹೊರಡುವ ಹೊತ್ತಿಗೆ ಬಾರದ ಬೆಕ್ಕಿಗಾಗಿ ಕಾಯುವ ಅನುಕೂಲ ಅವರಿಗೆ ಇರಲಿಲ್ಲ.

ಸರಕಿನ ಯುಗ 20ನೇ ಶತಮಾನದ ನಡುವಿನಿಂದ ಮುಗಿಯುತ್ತ ಬಂತು. 1948ರಲ್ಲಿ ಕಾಲುವೆಗಳಲ್ಲಿ ಬಹುಪಾಲು ರಾಷ್ಟ್ರೀಕರಣಗೊಂಡವು. 1962-63ರ ಕಡುಚಳಿಯಲ್ಲಿ ವಾರಗಟ್ಟಲೆ ಹೆಪ್ಪುಗಟ್ಟಿದ ನೀರಿನಲ್ಲಿ ದೋಣಿಗಳು ಸಿಕ್ಕಿಬಿದ್ದಾಗ ಉಳಿದ ಗಿರಾಕಿಗಳೂ ಲಾರಿಗಳ ಪಾಲಾದರು. ಲಂಡನ್ನಿನ ಸೌತಾಲ್‌ನಲ್ಲಿದ್ದ ಜಾಮ್ ಕಾರ್ಖಾನೆಗೆ ಕಲ್ಲಿದ್ದಲು ಒಯ್ಯುತ್ತಿದ್ದ ಸಾಗಣೆ 1970ರಲ್ಲಿ ನಿಂತಿತು; ದೂರದ ನಿಯಮಿತ ಸಾಗಣೆಗಳಲ್ಲಿ ಅದೇ ಕೊನೆಯದೆಂದು ಎಣಿಸಲಾಗಿದೆ. ಅಷ್ಟರಲ್ಲಿ ಬೇರೊಂದು ಬಗೆಯ ವಾಸ ಶುರುವಾಗಿತ್ತು. ಲೇಖಕ ಎಲ್.ಟಿ.ಸಿ. ರೋಲ್ಟ್ 1939ರಲ್ಲಿ ಪತ್ನಿಯೊಡನೆ ‘ಕ್ರೆಸ್ಸಿ’ ಎಂಬ ದೋಣಿಯಲ್ಲಿ ಬ್ಯಾನ್‌ಬರಿಯಿಂದ ಹೊರಟು, 1944ರಲ್ಲಿ ‘ನ್ಯಾರೋ ಬೋಟ್’ ಎಂಬ ಪುಸ್ತಕ ಪ್ರಕಟಿಸಿದರು. ಅದನ್ನೋದಿದ ರಾಬರ್ಟ್ ಐಕ್‌ಮನ್ ರೋಲ್ಟ್ ಅವರನ್ನು ಭೇಟಿಯಾದರು. 1946ರಲ್ಲಿ ಇಬ್ಬರೂ ಇತರರೊಂದಿಗೆ ಸೇರಿ ಒಳನಾಡು ಜಲಮಾರ್ಗಗಳ ಸಂಘ ಕಟ್ಟಿದರು. ಮುಚ್ಚಿಹೋಗಬೇಕಿದ್ದ ಎಷ್ಟೋ ಕಾಲುವೆಗಳು ಉಳಿದದ್ದು ಈ ಚಳವಳಿಯಿಂದ. ಸರಕಿನ ಜಾಗದಲ್ಲೂ ಕೋಣೆಗಳೆದ್ದವು, ಮರದ ಬದಲು ಉಕ್ಕಿನ ದೋಣಿಗಳು ಬಂದವು. ಮನೆಯ ಬೆಲೆ ಏರಿದಂತೆ, ಮುಖ್ಯವಾಗಿ ಲಂಡನ್ನಿನಲ್ಲಿ, ಬೇರೆ ದಾರಿಯಿಲ್ಲದೆ ದೋಣಿಗೆ ಬಂದವರೂ ಸೇರಿಕೊಂಡರು.

ಇವರ ಬದುಕನ್ನು ಆಳುವುದು 1995ರ ಬ್ರಿಟಿಷ್ ವಾಟರ್‌ವೇಸ್ ಕಾಯಿದೆ. ಖಾಯಂ ತಂಗುದಾಣ ಇಲ್ಲದ ದೋಣಿ ಸಂಚರಿಸುತ್ತಲೇ ಇರಬೇಕು, ಒಂದೇ ಜಾಗದಲ್ಲಿ 14 ದಿನಕ್ಕಿಂತ ಹೆಚ್ಚು ನಿಲ್ಲಬಾರದು. ಬೆಕ್ಕಿನ ಸ್ವಭಾವ ಇದಕ್ಕೆ ನೇರ ವಿರುದ್ಧ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತು ಕನ್ನಡದಲ್ಲಿದೆ. ಇಲ್ಲಿ ಮನೆಯೇ ಬೆಕ್ಕನ್ನು ತಿರುಗಿಸುತ್ತದೆ. ವಾಸನೆಯಿಂದ ಗುರುತು ಹಾಕಿಕೊಂಡ ಜಾಗ ಎರಡು ವಾರಕ್ಕೊಮ್ಮೆ ಬದಲಾಗುವಾಗ ಅದಕ್ಕೆ ಸ್ಥಿರವಾಗಿ ಉಳಿಯುವುದು ದೋಣಿಯೊಂದೇ. ಅದಕ್ಕೇ ಬೆಕ್ಕು ಕಾಣೆಯಾದಾಗ ದೋಣಿಯನ್ನು ಅಲ್ಲಿಂದ ಕದಲಿಸದಿರುವುದು ಮೊದಲ ಕೆಲಸ.

ಬೆದರಿದ ಬೆಕ್ಕು ಸಾಮಾನ್ಯವಾಗಿ ದೂರ ಓಡುವುದಿಲ್ಲ, ಹತ್ತಿರದಲ್ಲೇ ಸದ್ದಿಲ್ಲದೆ ಅವಿತಿರುತ್ತದೆ. ಕಾಲುದಾರಿಯ ಬೇಲಿಪೊದೆ, ಸೇತುವೆಯ ಬುಡ, ಪಕ್ಕದ ದೋಣಿಯ ಹೊದಿಕೆಯ ಒಳಗು, ಎಂಜಿನ್ ಕೋಣೆಗಳನ್ನು ಜನಸಂಚಾರ ನಿಂತ ರಾತ್ರಿಯಲ್ಲಿ ಟಾರ್ಚ್ ಹಿಡಿದು ಹುಡುಕಬೇಕು. ಬೆಳಕಿಗೆ ಹೊಳೆಯುವ ಕಣ್ಣು ಹಗಲಿಗಿಂತ ಆಗ ಬೇಗ ಸಿಗುತ್ತದೆ. ನೀರಿನ ಅಪಾಯವೂ ನಿಜ. ಬೆಕ್ಕಿಗೆ ಈಜು ಬರುತ್ತದೆ, ಆದರೆ ಉಕ್ಕಿನ ಹಲಗೆ ಹೊಡೆದ ನೇರ ದಡವನ್ನೂ ಲಾಕ್‌ನ ಗೋಡೆಯನ್ನೂ ಹತ್ತಲು ಉಗುರಿಗೆ ಹಿಡಿತ ಸಿಗದು. ಆದ್ದರಿಂದ ಬೆಕ್ಕು ಸಾಕುವ ಕೆಲವರು ದಪ್ಪ ಹಗ್ಗವನ್ನೋ ಹಳೆಯ ರತ್ನಗಂಬಳಿಯ ತುಂಡನ್ನೋ ದೋಣಿಯ ಬದಿಯಿಂದ ನೀರಿಗೆ ಇಳಿಬಿಡುತ್ತಾರೆ. ಬೇರೆ ದೋಣಿಯೊಳಗೆ ಹೊಕ್ಕ ಬೆಕ್ಕು ಅದರೊಂದಿಗೇ ಹೊರಟುಹೋಗುವುದೂ ಸಾಧ್ಯ. ಇಲ್ಲಿ ಕಾಲುವೆಯ ನಿಧಾನವೇ ನೆರವಿಗೆ ಬರುತ್ತದೆ: ಗಂಟೆಗೆ 4 ಮೈಲಿಯ ಮಿತಿಯಲ್ಲಿ ಸಾಗುವ, ಬದಿಯಲ್ಲಿ ದೊಡ್ಡ ಅಕ್ಷರದ ಹೆಸರಿರುವ ದೋಣಿಯನ್ನು ಸೈಕಲ್ಲಿನಲ್ಲಿ ಹಿಂಬಾಲಿಸಿ ಹಿಡಿಯಬಹುದು. ಎದುರು ಬರುವ ದೋಣಿಯವರಿಗೆ ಹೇಳಿದ ಸುದ್ದಿ ಲಾಕ್‌ನಿಂದ ಲಾಕ್‌ಗೆ ದಾಟುತ್ತದೆ. ಸರಕಿನ ಕಾಲದಿಂದ ಬಂದ ಈ ಬಾಯಿಮಾತಿನ ಜಾಲ ಈಗಲೂ ಜೀವಂತ.

2024ರ ಜೂನ್ 10ರಿಂದ ಇಂಗ್ಲೆಂಡಿನಲ್ಲಿ 20 ವಾರ ತುಂಬಿದ ಸಾಕುಬೆಕ್ಕಿಗೆ ಮೈಕ್ರೋಚಿಪ್ ಕಡ್ಡಾಯ. ದೋಣಿಯವರಿಗೆ ಅದರ ದಾಖಲೆಯಲ್ಲಿ ವಿಳಾಸಕ್ಕಿಂತ ಚಾಲ್ತಿಯಲ್ಲಿರುವ ಫೋನ್ ಸಂಖ್ಯೆ ಮುಖ್ಯ. ಉಳಿಯುವುದು 14 ದಿನದ ಗಡುವು. 1995ರ ಕಾಯಿದೆಯೇ ಸಂದರ್ಭಕ್ಕೆ ಸಮಂಜಸವೆನಿಸುವ ಹೆಚ್ಚಿನ ಅವಧಿಗೆ ಅವಕಾಶ ಕೊಟ್ಟಿದೆ. 2012ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ಗಳ ಸುಮಾರು 2,000 ಮೈಲಿ ಜಲಮಾರ್ಗಗಳನ್ನು ನೋಡಿಕೊಳ್ಳುತ್ತಿರುವ ಕಾಲುವೆ ಮತ್ತು ನದಿ ಟ್ರಸ್ಟ್ ಕೆಟ್ಟ ಎಂಜಿನ್, ಹೆಪ್ಪುಗಟ್ಟಿದ ನೀರು, ಗಂಭೀರ ಕಾಯಿಲೆಗಳನ್ನು ಇಂಥ ಕಾರಣಗಳೆಂದು ಒಪ್ಪುತ್ತದೆ. ಮನೆಯ ಒಂದು ಜೀವ ದಡದಲ್ಲಿ ಉಳಿದಿರುವಾಗ ಹೊರಡಲಾಗದ ದೋಣಿಗೂ ಅದೇ ರಿಯಾಯಿತಿ ಸಲ್ಲಬೇಕು.