ಅಪ್ಪ ಜೈಲಿನಲ್ಲಿ, ಮಗು ಯಾರ ಲೆಕ್ಕದಲ್ಲಿ?

ಕೈದಿಗಳ ಮಕ್ಕಳ ಮಾತು ಬಂದಾಗಲೆಲ್ಲ ತಾಯಿಯ ಜೊತೆ ಜೈಲಿನೊಳಗಿರುವ ಕೂಸುಗಳ ಚಿತ್ರ ಅಚ್ಚಾಗುತ್ತದೆ. 2022ರ ಕೊನೆಗೆ ದೇಶದಲ್ಲಿ ಅಂಥ ಮಕ್ಕಳಿದ್ದದ್ದು 1,764; ಕೈದಿಗಳು 5.73 ಲಕ್ಷ. ಕೈದಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತಾರು ಗಂಡಸರು. ಅವರ ಮಕ್ಕಳು ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಅಜ್ಜಿಯ ಮನೆಯಲ್ಲಿದ್ದಾರೆ. ಜೈಲು ಅಂಕಿಅಂಶದ ವರದಿಯಲ್ಲಿ ಅವರಿಗೆ ಕಾಲಂ ಇಲ್ಲ.

1894ರ ಕಾರಾಗೃಹ ಕಾಯ್ದೆ ಕೈದಿಯ ಭೇಟಿಗೆ ಅವಕಾಶ ಕೊಟ್ಟಿತು. ಭೇಟಿಗೆ ಬಂದವರು ಹೇಗೆ ಬದುಕುತ್ತಾರೆಂದು ಕೇಳಲಿಲ್ಲ. 1987ರ ಕೃಷ್ಣ ಅಯ್ಯರ್ ಸಮಿತಿ ಮಹಿಳಾ ಕೈದಿಗಳತ್ತ ನೋಡಿತು. 2006ರ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಆರು ವರ್ಷದವರೆಗೆ ಮಗು ತಾಯಿಯ ಬಳಿ ಇರಬಹುದು, ಜನನ ದಾಖಲೆಯಲ್ಲಿ ಜೈಲಿನ ಹೆಸರು ಬರಬಾರದು ಎಂದಿತು. ದೊಡ್ಡ ತೀರ್ಪೇ, ಆದರೆ ಚರ್ಚೆ ಅಲ್ಲಿಗೇ ನಿಂತುಬಿಟ್ಟಿತು.

ಅಷ್ಟರಲ್ಲಿ ಎರಡು ದಾರಿಗಳು ಕವಲೊಡೆದಿದ್ದವು. ಒಂದು, ಮಕ್ಕಳನ್ನು ವಸತಿಗೃಹಕ್ಕೆ ಸೇರಿಸುವುದು. ದಾನಿಗಳಿಗೆ ಇದು ಇಷ್ಟ, ಫೋಟೊ ಚೆನ್ನಾಗಿ ಬರುತ್ತದೆ. ಇನ್ನೊಂದು, 1990ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಶುರುಮಾಡಿದ 'ಪ್ರಯಾಸ್'ನದು: ಸಮಾಜ ಕಾರ್ಯಕರ್ತರು ಠಾಣೆ, ಕೋರ್ಟು, ಜೈಲು ಸುತ್ತಿ ಕೈದಿಯ ಮನೆಯ ಬಾಗಿಲಿಗೂ ಹೋಗುವುದು. ನಮ್ಮ ಪೀಳಿಗೆಯ ಸಮಾಜ ಕಾರ್ಯಕರ್ತರು ಕೆಲಸ ಕಲಿತದ್ದು ಈ ಎರಡನೆಯ ದಾರಿಯಲ್ಲಿ. ಮಗುವನ್ನು ಸಾಕುವ ಬಂಧುವಿಗೇ ಹಣ ಕೊಡುವ ರಾಜಸ್ಥಾನದ 'ಪಾಲನ್‌ಹಾರ್' ಯೋಜನೆ ನನಗೆ ಮೆಚ್ಚಾಗುವುದೂ ಅದಕ್ಕೇ. ಆದರೆ ಕೈದಿಗಳ ಮಕ್ಕಳ ಪೈಕಿ ಅದು ಸಿಗುವುದು ಜೀವಾವಧಿ, ಮರಣದಂಡನೆಗೆ ಗುರಿಯಾದವರ ಮಕ್ಕಳಿಗೆ ಮಾತ್ರ. ನಮ್ಮ ಕೈದಿಗಳಲ್ಲಿ ಮುಕ್ಕಾಲು ಪಾಲು ಇನ್ನೂ ವಿಚಾರಣೆಯಲ್ಲಿರುವವರು.

ಯಾದಗಿರಿ ಭಾಗದಲ್ಲಿ ಮಗುವಿಗೆ ಹೇಳುವ ಸುಳ್ಳು ಸಲೀಸು: "ನಿಮ್ಮಪ್ಪ ಬೆಂಗಳೂರಿಗೆ ದುಡಿಯಾಕ ಹೋಗ್ಯಾನ." ಅರ್ಧ ಓಣಿ ಗುಳೆ ಹೋಗಿರುವಾಗ ಯಾರೂ ಅನುಮಾನಪಡರು. ಜಾತ್ರೆಗೆ ಎಲ್ಲರ ಅಪ್ಪಂದಿರೂ ಮರಳಿದಾಗ ಸುಳ್ಳು ಹೊರಬೀಳುತ್ತದೆ. ನಿಜ ಹೇಳಿ ಭೇಟಿಗೆ ಕರೆದೊಯ್ಯುವುದೇ ಮೇಲು. ಸುರಪುರದಿಂದ ಶಹಾಪುರ, ಜೇವರ್ಗಿ ದಾಟಿ ಕಲಬುರಗಿ ಜೈಲಿಗೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. 2023ರ ಶಕ್ತಿ ಯೋಜನೆಯಿಂದ ಅಜ್ಜಿ, ಮೊಮ್ಮಗಳ ಬಸ್ಸಿನ ಖರ್ಚಾದರೂ ಉಳಿದಿದೆ.

ಮನೆಯಲ್ಲೇ ಮಗುವನ್ನು ಸಾಕಲು ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ. ಅದಕ್ಕೆ ಯಾರು ಅರ್ಹರೆಂದು ಹೇಳುವ 2015ರ ಬಾಲನ್ಯಾಯ ಕಾಯ್ದೆಯ 45ನೇ ಸೆಕ್ಷನ್ನು ವಿಧವೆ, ಪರಿತ್ಯಕ್ತೆ, ಅನಾಥ, ಮಾರಕ ರೋಗ, ಅಪಘಾತ ಎಲ್ಲವನ್ನೂ ಹೆಸರಿಸಿ ಜೈಲನ್ನು ಬಿಟ್ಟಿದೆ. ಪಟ್ಟಿ ಅಲ್ಲಿಗೇ ಮುಗಿಯಬೇಕೆಂದೇನೂ ಕಾಯ್ದೆ ಹೇಳದು, ಮುಗಿಸುವುದು ಕಚೇರಿಯ ಟೇಬಲ್ಲು. ಒಂದು ಕಚೇರಿಯಲ್ಲಿ ಗುಮಾಸ್ತ ಮರಣ ಪ್ರಮಾಣಪತ್ರ ಕೇಳಿದ. ಮುದುಕಿ ಅಂದಳು: "ಸತ್ತಿಲ್ರೀ ಸಾಹೇಬ್ರ, ಜೇಲಿನಾಗ ಅದಾನ." ಅರ್ಜಿ ವಾಪಸಾಯಿತು.

ಹೊಸ ಕಾಯ್ದೆಯೇನೂ ಬೇಕಿಲ್ಲ. ದಸ್ತಗಿರಿಯ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಬೇಕೆಂದು 1996ರ ಡಿ.ಕೆ. ಬಸು ತೀರ್ಪೇ ವಿಧಿಸಿದೆ. ಸುದ್ದಿ ಮುಟ್ಟಿಸುವ ಪೊಲೀಸರು ಮನೆಯಲ್ಲಿ ಮಕ್ಕಳೆಷ್ಟು, ನೋಡಿಕೊಳ್ಳುವವರು ಯಾರು ಎಂದು ಕೇಳಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರೆದು ಕಳಿಸಿದರೆ, ಯಾದಗಿರಿಯಲ್ಲಿ ಇಂಥ ಮಕ್ಕಳ ಮೊದಲ ಪಟ್ಟಿ ತಯಾರಾಗುತ್ತದೆ.