ಸಿಪಿಎಲ್: ಕರಾವಳಿ ಹುಡುಗರು ತಿಳಿಯಬೇಕಾದ್ದು

ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಪಿಯು ವಿದ್ಯಾರ್ಥಿಗಳು ನನ್ನನ್ನು ಕೇಳೋದು ಒಂದೇ: ‘ಪೈಲಟ್ ಆಗೋಕೆ ಏನು ಬೇಕು?’

ಬೇಕಾದ್ದು ಡಿಜಿಸಿಎ ಕೊಡುವ ವಾಣಿಜ್ಯ ಪೈಲಟ್ ಪರವಾನಗಿ, ಅಂದರೆ ಸಿಪಿಎಲ್. ವಯಸ್ಸು 18 ತುಂಬಿರಬೇಕು. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕೆಂಬುದು ನಿಯಮ. ಕಲಾ, ವಾಣಿಜ್ಯ ವಿಭಾಗದವರು ಆ ಎರಡನ್ನು ಮುಕ್ತ ಶಾಲೆಯ ಮೂಲಕ ಪಾಸು ಮಾಡಿಕೊಳ್ಳಬಹುದು. ವಾಯುಯಾನ ನಿಯಮ, ಹವಾಮಾನ, ನ್ಯಾವಿಗೇಷನ್, ತಾಂತ್ರಿಕ ಪತ್ರಿಕೆಗಳಲ್ಲಿ ತಲಾ ಶೇ. 70 ಅಂಕ ಬರಬೇಕು. ಜೊತೆಗೆ ರೇಡಿಯೋ ಪರವಾನಗಿ, 200 ಗಂಟೆ ಹಾರಾಟ. ಅದರಲ್ಲಿ 100 ಗಂಟೆ ವಿಮಾನದ ಹೊಣೆ ನಿಮ್ಮದೇ.

ಒಂದು ಮಾತು: ಕ್ಲಾಸ್ 1 ವೈದ್ಯಕೀಯ ಪರೀಕ್ಷೆ ಪಾಸಾಗುವ ಮೊದಲು ಯಾರಿಗೂ ಫೀಸು ಕಟ್ಟಬೇಡಿ. ಲೈಸೆನ್ಸ್ ಸಿಕ್ಕಿತೆಂದರೆ ಕೆಲಸ ಸಿಕ್ಕಿತೆಂದಲ್ಲ. ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ ಬೇರೆ, ಅದರ ಖರ್ಚೂ ಬೇರೆ.

ಒಟ್ಟು ಖರ್ಚು ಹತ್ತಾರು ಲಕ್ಷ. ಬ್ಯಾಂಕು ಅಡಮಾನ ಕೇಳುತ್ತದೆ. ದೋಣಿಯ ಮೇಲೆ ಬದುಕುವವರು, ಪಟ್ಟಾ ಇಲ್ಲದ ಅರಣ್ಯ ಅತಿಕ್ರಮಣ ಜಾಗದಲ್ಲಿ ಮನೆ ಕಟ್ಟಿಕೊಂಡವರು ಏನು ತೋರಿಸಬೇಕು? ಸರ್ಕಾರಿ ಹಾರಾಟ ತರಬೇತಿ ಶಾಲೆ ಇರೋದು ಬೆಂಗಳೂರಿನ ಜಕ್ಕೂರಿನಲ್ಲಿ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಜಮೀನು ಕೇಳುವ ಸರ್ಕಾರ, ಇಲ್ಲಿನ ಮಕ್ಕಳ ಸಾಲಕ್ಕೆ ಖಾತರಿಯನ್ನೂ ಕೊಡಲಿ. ಇಲ್ಲದಿದ್ದರೆ ವಿಮಾನ ನಮ್ಮೂರ ಮೇಲೆ ಹಾರುತ್ತದೆ, ನಮ್ಮವರು ಕೆಳಗೇ ಉಳೀತಾರೆ.